ಒಂದನೇ ನಂಬರಿನ ಸಹಿ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದುಕೊಂಡೆ; ಆಯಿತು. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಮುಗಿಯಿತು, ಅವಳು ಕಾಲೇಜಿಗೂ ಸೇರಿದಳು. ನೆಪಗಳು ಒಂದೊಂದಾಗಿ ತೀರಿಹೋದವು. ಉಳಿದದ್ದು ನಾಚಿಕೆ ಮಾತ್ರ. ಅದು ತಾನಾಗಿ ತೀರುವಂಥದ್ದಲ್ಲ.

ಹೋದ ವಾರ ಚೆನ್ನೈನ ಮಾಂಬಲಂ ಸ್ಟೇಷನ್ ಪಕ್ಕದ ಟೀ ಅಂಗಡಿಯ ಮುಂದೆ ನಿಂತು ಜಗಳವಾಡಿದೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ನಮ್ಮ ಫ್ಲಾಟಿನವರೇ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಪೇಪರಿನ ಕೊನೆಯ ಪುಟ ಮಡಚಿ ನನ್ನ ಮುಂದೆ ಹಿಡಿದರು. ಎಲ್ಲೋ ಒಂದು ಫುಟ್‌ಬಾಲ್ ಕ್ಲಬ್ಬು ನಷ್ಟದಲ್ಲಿದೆಯಂತೆ, ಸಂಬಳ ಕಡಿಮೆ ಮಾಡಿಕೊಳ್ಳಿ ಎಂದರೆ ಆಟಗಾರರು ಒಪ್ಪುತ್ತಿಲ್ಲವಂತೆ.

"ಪಾರುಂಗೊ ಸಾರ್," ನೋಡಿ ಸಾರ್ ಎಂದು ತಮಿಳಿನಲ್ಲೇ ಶುರು ಮಾಡಿದರು. "ಬಾಲ್ ಒದೆಯೋದಕ್ಕೆ ಲಕ್ಷ ಲಕ್ಷ. ಕಷ್ಟಕಾಲದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಇವರ ಕಾಲು ಸವೆದುಹೋಗುತ್ತಾ?"

"ನಿಮ್ಮ ಪೆನ್ಷನ್ನಿನಲ್ಲಿ ಹತ್ತಕ್ಕೆ ನಾಲ್ಕು ಪಾಲು ಬಿಟ್ಟುಕೊಡಿ, ನೋಡೋಣ" ಎಂದೆ.

"ಅದು ಬೇರೆ ಸಾರ್. ನಾನು ಮೂವತ್ತೈದು ವರ್ಷ ದುಡಿದಿದ್ದೀನಿ."

"ಅವರಿಗೆ ದುಡಿಯೋದಕ್ಕೆ ಇರೋದೇ ಹತ್ತು ವರ್ಷ. ಆಮೇಲೆ ಮಂಡಿ ಹೋಗುತ್ತೆ. ಕೌಂಟರ್ ಹಿಂದೆ ಕೂತು ನಿಮ್ಮ ಮಂಡಿ ಹೋಯ್ತಾ?"

ಗ್ಲಾಸನ್ನು ಕುಕ್ಕಿದ ರಭಸಕ್ಕೆ ಟೀ ಅವರ ಪೇಪರಿನ ಮೇಲೆ ಚೆಲ್ಲಿತು. ಅಂಗಡಿಯವನು "ಪೆರಿಯವರೇ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಕೇಳಿದ. ಎಲ್ಲರೂ ನಕ್ಕರು.

ಮನೆಗೆ ಬಂದು ಕೂತೆ. ಆ ಬ್ಯಾಂಕಿನವರ ಮೇಲೆ ನನಗೇಕೆ ಅಷ್ಟು ಸಿಟ್ಟು? ಅವರು ಆಡಿದ ಮಾತನ್ನೇ ಮೂರು ವರ್ಷದ ಹಿಂದೆ ನಾನು ಆಡಿದ್ದೆ. ಅವರು ಆಡಿದ್ದು ಟೀ ಕುಡಿಯುತ್ತಾ. ನಾನು ಆಡಿದ್ದು ಕೈಯಲ್ಲಿ ಹಾಳೆ ಹಿಡಿದು.

ಆಗ ನಾನು ಚೆನ್ನೈನ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಟೀಮ್ ಮ್ಯಾನೇಜರ್. ಹೆಸರು ದೊಡ್ಡದು, ಕೆಲಸ ಗುಮಾಸ್ತೆಯದು. ಆಟ ಕಲಿಸುವವನು ಕೋಚ್. ರೈಲು ಟಿಕೆಟ್ಟು, ಹೋಟೆಲ್ ರೂಮು, ಆಟಗಾರರ ನೋಂದಣಿ ಕಾಗದ, ಡಾಕ್ಟರ ಸರ್ಟಿಫಿಕೇಟು, ಪಂದ್ಯಕ್ಕೆ ಮೊದಲು ರೆಫರಿಗೆ ಕೊಡುವ ಹೆಸರಿನ ಪಟ್ಟಿ, ಇವು ನನ್ನ ಪಾಲಿನವು. ಎಸ್ಸೆಸ್ಸೆಲ್ಸಿ ಓದಿದವನಿಗೆ ಅಷ್ಟು ವಿದ್ಯೆ ಸಾಕಿತ್ತು.

ಸಹಿ ಹಾಕಿಸುವುದಕ್ಕೆ ನಾನೇ ಒಂದು ಪದ್ಧತಿ ಮಾಡಿದ್ದೆ. ಮೊದಲೆಲ್ಲ ಆಟಗಾರರು ಬೆವರಿನ ಕೈಯಲ್ಲಿ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸಹಿ ಗೀಚಿ, ಫಾರಂಗಳು ವಾಪಸು ಬರುತ್ತಿದ್ದವು. ಅದಕ್ಕೆ ನಾನು ಹಾಳೆಗೆ ಗೀಟು ಎಳೆದು, ಎಡಗಡೆ ಜರ್ಸಿ ನಂಬರ್ ಬರೆದು, ನಿನ್ನ ನಂಬರಿನ ಎದುರಿಗೆ ನಿನ್ನ ಸಹಿ ಎಂದು ಕಲಿಸಿದೆ. ಇನ್ಶೂರೆನ್ಸ್ ಇರಲಿ, ಬೂಟು ಕೊಟ್ಟ ರಸೀದಿ ಇರಲಿ, ಹಾಳೆ ಒಂದನೇ ನಂಬರಿನಿಂದ ಹೊರಟು ಕೊನೆಯವರೆಗೆ ಸುತ್ತಿ ನನ್ನ ಕೈಗೆ ಬರುತ್ತಿತ್ತು. ಒಂದನೇ ನಂಬರ್ ಗೋಲ್‌ಕೀಪರ್. ಎಲ್ಲರ ಬಾಯಲ್ಲಿ ಅವನು ಗೋಲಿ. ನಮ್ಮ ತಂಡದಲ್ಲಿ ಕ್ಯಾಪ್ಟನ್ನೂ ಅವನೇ. ಅವನೊಬ್ಬ ಹಾಳೆಯನ್ನು ಪೂರ್ತಿ ಓದುತ್ತಿದ್ದ, ತಿಳಿಯದ್ದನ್ನು ಕೇಳುತ್ತಿದ್ದ, ಆಮೇಲೆ ಸಹಿ ಹಾಕುತ್ತಿದ್ದ. ಉಳಿದವರು ಓದುತ್ತಿರಲಿಲ್ಲ. "ಒಂದು ಹಾಕಿದ್ದಾನಾ?" ಎಂದು ಕೇಳುತ್ತಿದ್ದರು. ಹಾಕಿದ್ದಾನೆ ಎಂದರೆ ಬೂಟಿನ ಲೇಸು ಕಟ್ಟುತ್ತಲೇ ಹಾಕುತ್ತಿದ್ದರು.

ಅವನು ಬೆಂಗಳೂರಿನ ಆಸ್ಟಿನ್ ಟೌನಿನವನು, ಮೂವತ್ತನಾಲ್ಕು ವರ್ಷ. ಇಡೀ ಕ್ಲಬ್ಬಿನಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಮನೆಯಲ್ಲೂ ನಾನು ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುವವಳು. ಹಾಗಾಗಿ ಬಸ್ಸಿನಲ್ಲಿ ಅವನು ಬಂದು ಪಕ್ಕದಲ್ಲಿ ಕೂತರೆ ನನಗೆ ನಂಜನಗೂಡಿನ ಕಡೆಯ ಗಾಳಿ ಬೀಸಿದ ಹಾಗಾಗುತ್ತಿತ್ತು. ನನ್ನ ಹೆಂಡತಿ ಅವನಿಗೆಂದೇ ಸ್ಟೀಲ್ ಡಬ್ಬದಲ್ಲಿ ಹುರುಳಿಕಾಳಿನ ಚಟ್ನಿಪುಡಿ ಕಳಿಸುತ್ತಿದ್ದಳು. ಖಾಲಿಯಾದ ಡಬ್ಬ ತೊಳೆದು ಬರುತ್ತಿತ್ತು, ತುಂಬಿ ಹೋಗುತ್ತಿತ್ತು.

ಆ ವರ್ಷ ಲೀಗ್ ನಡೆಯುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಟಿವಿಯವರ ಜೊತೆಗಿನ ಮಾತುಕತೆ ಮುರಿದಿತ್ತು. ಜರ್ಸಿಯ ಎದೆಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಕಂಪನಿ ಹಿಂದೆ ಸರಿಯಿತು. ಪ್ರಾಕ್ಟೀಸ್ ಜರ್ಸಿಗಳ ಮೇಲಿಂದ ಆ ಹೆಸರನ್ನು ತೆಗೆಸಬೇಕೆಂದು ಆಫೀಸಿನಿಂದ ನನಗೆ ಫೋನು ಬಂತು. ಹೊಸ ಜರ್ಸಿ ಹೊಲಿಸಲು ದುಡ್ಡಿಲ್ಲ. ನಾನೂ ನಮ್ಮ ಬಟ್ಟೆ ಒಗೆಯುವವರೂ ಕೂತೆವು. ಜರ್ಸಿಯೊಳಗೆ ರಟ್ಟು ತೂರಿಸಿ, ಅಕ್ಷರದ ಮೇಲೆ ಎಣ್ಣೆ ಹೀರದ ಕಾಗದ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಹದಿನೈದು ಎಣಿಸುವವರೆಗೆ ಒತ್ತಿ, ಬಿಸಿ ಆರುವ ಮೊದಲೇ ಚಿಮುಟದಲ್ಲಿ ಅಕ್ಷರ ಎಳೆಯಬೇಕು. ಎಣಿಕೆ ಇಪ್ಪತ್ತಾದರೆ ಬಟ್ಟೆ ಸೀಯುತ್ತದೆ, ಹತ್ತಾದರೆ ಅಂಟು ಬಿಡುವುದಿಲ್ಲ. ಎರಡು ದಿನ ಹಿಡಿಯಿತು. ಅಷ್ಟಾದರೂ ಸುತ್ತಲಿನ ಬಟ್ಟೆ ಬಿಸಿಲಿಗೆ ಬಿಳಿಚಿಕೊಂಡು ಅಕ್ಷರವಿದ್ದ ಜಾಗ ಮಾತ್ರ ಕಡುಬಣ್ಣವಾಗಿ ಉಳಿದು, ಹೆಸರು ದೂರದಿಂದಲೇ ಓದಲು ಬರುತ್ತಿತ್ತು.

ನಮ್ಮ ಮೂರನೇ ನಂಬರಿನವನು, ಎಡ ಬದಿಯ ಡಿಫೆಂಡರ್, ವ್ಯಾಸರ್ಪಾಡಿಯ ಹುಡುಗ, ಜರ್ಸಿ ತೊಟ್ಟು ಎದೆ ಉಬ್ಬಿಸಿ ನಿಂತ. "ಏನು ಮೈಸೂರ್ ಸಾರ್," ಎಂದ, "ಕಂಪನಿ ಸತ್ತೋಯ್ತು, ದೆವ್ವ ಮಾತ್ರ ಎದೆ ಮೇಲೇ ಕೂತಿದೆ!" ಮೈಸೂರ್ ಸಾರ್ ಎಂದರೆ ನಾನು, ನನ್ನ ಊರು ಆ ಕಡೆಯದೆಂದು. ಅವನ ಮಾತೆಲ್ಲ ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವಾರ ಗಿಂಡಿ ಬಡಾವಣೆಯಲ್ಲಿದ್ದ ಕ್ಲಬ್ಬಿನ ಆಫೀಸಿಗೆ ಕರೆ ಬಂತು. ಮೆಟ್ರೋ ಇಳಿದು ನಡೆದು ಹೋದೆ. ಜರ್ಸಿಗೆ ದುಡ್ಡಿಲ್ಲದ ಕ್ಲಬ್ಬಿನ ಆಫೀಸಿನಲ್ಲಿ ಹೊಸ ಗಾಜಿನ ಕೋಣೆ ಎದ್ದಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ನೋಡಿಯೂ ನೋಡದವನಂತೆ ಒಳಗೆ ಹೋಗಿ ಕೂತೆ. ಕ್ಲಬ್ಬಿನ ಸಿಇಒ ನನ್ನ ಮಗನ ವಯಸ್ಸಿನವರು. ತುಂಬ ಮರ್ಯಾದೆ. ಕಾಫಿ ತರಿಸಿದರು.

"ಸಾರ್, ಹತ್ತಕ್ಕೆ ನಾಲ್ಕು ಪಾಲು ಸಂಬಳ ಇಳಿಸಬೇಕು. ಇಲ್ಲದಿದ್ದರೆ ಕ್ಲಬ್ ಮುಚ್ಚಬೇಕಾಗುತ್ತೆ. ಎಲ್ಲರಿಗೂ ಮೇಲ್ ಕಳಿಸಿದೆವು. ಒಬ್ಬರದೂ ಉತ್ತರ ಇಲ್ಲ. ಇಬ್ಬರನ್ನ ಕರೆಸಿ ಕೇಳಿದರೆ, ಕ್ಯಾಪ್ಟನ್ನನ್ನ ಕೇಳಿ ಅಂತಾರೆ."

"ಮೂರು ಜನ ಫಾರಿನ್ ಆಟಗಾರರು, ಕೋಚ್, ಅವರಿಗೂನಾ ಸಾರ್?"

"ಅವರದು ಮುಟ್ಟೋಕೆ ಆಗಲ್ಲ. ಅವರ ಏಜೆಂಟ್ ಕೇಸು ಹಾಕ್ತಾನೆ."

"ನಮ್ಮ ಹುಡುಗರಿಗೆ ಏಜೆಂಟ್ ಯಾರೂ ಇಲ್ಲ."

"ಅದಕ್ಕೇ ಸಾರ್ ನಿಮ್ಮನ್ನ ಕರೆದದ್ದು" ಎಂದರು, ನಗುತ್ತಾ.

ಆ ಮಾತಿಗೆ ಎದ್ದು ಬರಬೇಕಿತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಕೇಸು ಹಾಕಬಲ್ಲವನ ಸಂಬಳ ಪವಿತ್ರ, ಹಾಕಲಾರದವನದು ಕ್ಲಬ್ಬಿನ ಉಳಿತಾಯದ ಡಬ್ಬಿ. ಅತಿ ಹೆಚ್ಚು ಪಡೆಯುವ ನಾಲ್ವರನ್ನು ಬಿಟ್ಟು, ಅವರಲ್ಲಿ ಒಬ್ಬನ ಸಂಬಳದಲ್ಲಿ ಹತ್ತು ಜನ ಬದುಕುವಂಥವರ ಹತ್ತಿರ ತ್ಯಾಗ ಕೇಳಲು ಹೊರಟಿದ್ದರು. ನಾನು ಏಳಲಿಲ್ಲ. ಬದಲಿಗೆ ನನ್ನ ಜಾಣತನ ತೋರಿಸಿದೆ.

"ಒಬ್ಬೊಬ್ಬರನ್ನ ಕರೆದರೆ ಯಾರೂ ಹಾಕೋದಿಲ್ಲ ಸಾರ್. ಹಾಳೆ ಒಂದೇ ಇರಲಿ. ಗೀಟು ಎಳೆದು ಜರ್ಸಿ ನಂಬರ್ ಹಾಕಿಕೊಡಿ. ಒಂದು ಹಾಕಿದರೆ ಎಲ್ಲರೂ ಹಾಕ್ತಾರೆ."

ಅವರು ನನ್ನ ಕೈ ಕುಲುಕಿದರು. "ನಿಮ್ಮ ಸಂಬಳದ ಯೋಚನೆ ಬೇಡ ಸಾರ್. ನಿಮ್ಮದು ಮುಟ್ಟೋದಿಲ್ಲ."

ಆಫೀಸಿನಲ್ಲಿ ಇನ್ನೂ ಯಾರ ಯಾರ ಸಂಬಳ ಮುಟ್ಟುವುದಿಲ್ಲ ಎಂದು ನಾನು ಕೇಳಲಿಲ್ಲ. ಕಾಫಿ ಮುಗಿಸಿ ಹಾಳೆಗಾಗಿ ಕಾದೆ. ಇಂಗ್ಲಿಷಿನಲ್ಲಿ ಎರಡು ಪುಟ, ಮೂರನೆಯ ಪುಟದಲ್ಲಿ ನನ್ನ ಗೀಟುಗಳು. ಎರಡನೆಯ ಪುಟದ ತಳದಲ್ಲಿ ಒಂದು ಸಾಲಿತ್ತು: ಸೀಸನ್ ತಡವಾದರೆ ಮೂವತ್ತು ದಿನದ ನೋಟಿಸು ಕೊಟ್ಟು ಯಾರನ್ನು ಬೇಕಾದರೂ ಕಳಿಸುವ ಹಕ್ಕು ಕ್ಲಬ್ಬಿಗಿದೆ. ಮೆಟ್ರೋದಲ್ಲಿ ಕೂತು ಎರಡು ಸಲ ಓದಿದೆ. ನನ್ನ ಇಂಗ್ಲಿಷಿಗೂ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. "ನಿಮ್ದೂ ಕಡ್ಮೆ ಮಾಡ್ತಾರಾ?" ಎಂದಳು.

"ಇಲ್ಲ."

"ಮತ್ತೆ ಯಾವ ಮುಖ ಇಟ್ಕೊಂಡು ಆ ಹುಡುಗ್ರನ್ನ ಕೇಳಕ್ಕೆ ಹೋಯ್ತೀರಿ?"

"ಕ್ಲಬ್ ಮುಚ್ಚಿದ್ರೆ ಎಲ್ಲಾರೂ ಬೀದಿಗೆ ಬರ್ತೀವಿ ಕಣೇ. ಕೆಲವರಾದ್ರೂ ಬಿಟ್ಕೊಡಬೇಕು."

"ಕೆಲವರು ಅಂದ್ರೆ ಯಾವಾಗ್ಲೂ ಬ್ಯಾರೇರೇ ಅಲ್ವಾ" ಎಂದು ಚಟ್ನಿಪುಡಿಯ ಡಬ್ಬ ತುಂಬಿಸಿ ಮುಚ್ಚಳ ಒತ್ತಿದಳು. "ಅವನಿಗೆ ಕೊಡಿ. ಮರೀಬೇಡಿ."

ಮರುದಿನ ಬೆಳಿಗ್ಗೆ ಪೆರಂಬೂರಿನ ಪ್ರಾಕ್ಟೀಸ್ ಮೈದಾನ. ಒಂಬತ್ತಕ್ಕೇ ಬಿಸಿಲು ಕಾದಿತ್ತು. ಡ್ರೆಸ್ಸಿಂಗ್ ರೂಮೆಂದರೆ ಶೀಟಿನ ಮಾಡು, ಎರಡು ಬೆಂಚು, ಒಂದು ಫ್ಯಾನು. ಗೋಲಿ ಒಬ್ಬನೇ ಹೊರಗೆ ಮೆಟ್ಟಿಲ ಮೇಲೆ ಕೂತು ಬೆರಳಿನ ಟೇಪು ಬಿಚ್ಚುತ್ತಿದ್ದ. ಅವನ ಎಡಗೈಯ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಟೇಪು ಬಿಚ್ಚಲು ಅವನಿಗೆ ಹೊತ್ತು ಹಿಡಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಡಬ್ಬ ಕೊಟ್ಟೆ, ಆಮೇಲೆ ಹಾಳೆ ಕೊಟ್ಟೆ. ಆ ಕ್ರಮದಲ್ಲೇ.

ಒಳಗಿನಿಂದ ಮೂರನೇ ನಂಬರಿನವನು ಕೂಗಿದ: "ಮೈಸೂರ್ ಸಾರ್ ಕಾಗದ ತಂದಿದ್ದಾರೆ ಅಂದ್ರೆ ಒಂದೋ ಇನ್ಶೂರೆನ್ಸು, ಇಲ್ಲಾ ಇಂಜೆಕ್ಷನ್ನು. ಯಾವ ಕಡೆಗೆ ಸಾರ್ ಇವತ್ತು?"

ಗೋಲಿ ನಗಲಿಲ್ಲ. ಮೂರು ಪುಟವನ್ನೂ ಓದಿದ. "ಅಂಕಲ್, ನಿಮಗೊಬ್ರಿಗೇ ಹೇಳ್ತಾ ಇದೀನಿ" ಎಂದ ಕನ್ನಡದಲ್ಲಿ. "ಕಲ್ಕತ್ತಾದೋರು ಕರೀತಾ ಇದಾರೆ. ಎರಡು ವರ್ಷ, ಪೂರ್ತಿ ಸಂಬ್ಳ. ಶುಕ್ರವಾರದೊಳಗೆ ಹೇಳ್ಬೇಕು. ನನ್ ವಯಸ್ಸಿಗೆ ಇನ್ನೊಂದು ಸಲ ಯಾರೂ ಕರೆಯಲ್ಲ. ಆದ್ರೆ ಮಗಳನ್ನ ಈಗ ತಾನೆ ಇಲ್ಲಿ ಒಂದನೇ ಕ್ಲಾಸಿಗೆ ಸೇರ್ಸಿದೀನಿ. ಈ ಹುಡುಗ್ರನ್ನ ಬಿಟ್ಟು ಓಡೋಕೂ ಮನಸ್ಸಿಲ್ಲ."

"ಓಡೋದು ಚೆನ್ನಾಗಿರಲ್ಲ ಕಣಪ್ಪ, ಕಷ್ಟಕಾಲದಲ್ಲಿ" ಎಂದೆ. ಹೀಗೆಂದವನು ನಾನೇ. "ನೀವೆಲ್ಲ ಆಟಗಾರರು. ಚೆನ್ನಾಗೇ ತಗೋತೀರಿ. ಸ್ವಲ್ಪ ಬಿಟ್ಕೊಟ್ರೆ ಕ್ಲಬ್ ಉಳಿಯುತ್ತೆ."

"ಎಲ್ಲರೂ ಬಿಟ್ಕೊಟ್ರೆ ನಾನೂ ಬಿಡ್ತೀನಿ ಅಂಕಲ್. ಮೈದಾನದಲ್ಲಿ ಬಂದಿದ್ದೆಲ್ಲಾ ಗೋಲಿ ಒಬ್ನೇ ತಡೀಬೇಕು, ಅದು ನನ್ ಕೆಲ್ಸ. ಇಲ್ಲೂ ನಾನೊಬ್ನೇ ತಡೀಬೇಕಾ? ಆಫೀಸಿನೋರು? ಕೋಚು?"

"ಎಲ್ಲರದೂ."

"ಫಾರಿನ್‌ನೋರು?"

"ಎಲ್ಲರದೂ ಅಂದ್ನಲ್ಲ. ಅವರದು ಬೇರೆ ಹಾಳೆ."

ಅವನು ನನ್ನ ಮುಖ ನೋಡಿದ. "ನಿಮ್ದೂನಾ?"

ಇಲ್ಲಿ ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ನಂದೂ ಅಷ್ಟೇ. ಹತ್ತಕ್ಕೆ ನಾಲ್ಕು" ಎಂದೆ.

"ಥೂ, ಎಂಥಾ ಜನ ಅಂಕಲ್ ಇವರು!" ಎಂದು ಅವನು ಟೇಪಿನ ಉಂಡೆಯನ್ನು ನೆಲಕ್ಕೆ ಎಸೆದ. "ನಿಮಗೆ ಕೊಡೋದೇ ಅಷ್ಟು. ಅದ್ರಲ್ಲೂ ಕಿತ್ಕೊಂಡ್ರಾ?" ನನಗಾಗಿ ಅವನ ಕಣ್ಣು ಕೆಂಪಾಯಿತು. ನನ್ನ ಮೇಲೆ ಕರುಣೆ! "ಈ ವಯಸ್ಸಲ್ಲಿ ನೀವೇ ಒಪ್ಕೊಂಡಿದೀರಿ ಅಂದ್ರೆ ನಾನು ಹೆಂಗೆ ಇಲ್ಲ ಅನ್ನಲಿ?"

ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಪೆನ್ನು ಕೇಳಿದ. ಕೊನೆಗೊಮ್ಮೆ ಬೆರಳಿಟ್ಟು ತೋರಿಸಿದ. "ಈ ಮೂವತ್ತು ದಿನದ್ದು ಏನು?"

"ಅದು ಎಲ್ಲಾ ಕಾಗದದಲ್ಲೂ ಇರುತ್ತೆ. ಸುಮ್ನೆ ಹಾಕಿರ್ತಾರೆ."

ಅವನು ಸಹಿ ಹಾಕಿದ. ನಾನು ಹಾಳೆ ಹಿಡಿದು ಒಳಗೆ ಹೋದೆ. ಎರಡನೇ ನಂಬರ್, ಮೂರನೇ ನಂಬರ್. "ಒಂದು ಹಾಕಿದ್ದಾನಾ?" "ಹಾಕಿದ್ದಾನೆ. ಸಂಬಳ ಎಲ್ಲರದೂ ಇಳಿದಿದೆ." "ಹಾಗಾದ್ರೆ ಕೊಡಿ." ಹತ್ತು ನಿಮಿಷದಲ್ಲಿ ಹಾಳೆ ತುಂಬಿತು. ವರ್ಷಾನುಗಟ್ಟಲೆ ನಾನು ಕಟ್ಟಿದ್ದ ಪದ್ಧತಿ ಅಂದಿನಷ್ಟು ಸಲೀಸಾಗಿ ಎಂದೂ ನಡೆದಿರಲಿಲ್ಲ.

ಶುಕ್ರವಾರ ಅವನು ಕಲ್ಕತ್ತಾದವರಿಗೆ ಬರುವುದಿಲ್ಲ ಎಂದ. ಅವರು ಬೇರೆ ಗೋಲಿಯನ್ನು ತೆಗೆದುಕೊಂಡರು. ಭಾನುವಾರದ ಪೇಪರಿನಲ್ಲಿ ಕ್ಲಬ್ಬಿನ ಮಾಲೀಕರ ನಗುಮುಖದ ಫೋಟೋ, ಕೆಳಗೆ ಆಟಗಾರರ ಔದಾರ್ಯದ ಹೊಗಳಿಕೆ. ನನ್ನ ಸಂಬಳ ಒಂದನೇ ತಾರೀಖು ಪೂರ್ತಿ ಬಂತು. ಫೋನಿನಲ್ಲಿ ಆ ಮೆಸೇಜು ನೋಡಿ ಫೋನನ್ನು ಮಗುಚಿ ಇಟ್ಟೆ.

ಆರು ವಾರಕ್ಕೆ ಏಳು ಲಕೋಟೆಗಳು ಬಂದವು, ಹಂಚಲು ನನ್ನ ಕೈಗೇ. ಮೂವತ್ತು ದಿನದ ನೋಟಿಸು. ಮೇಲಿನದೇ ಗೋಲಿಯದು. ಎರಡನೇ ಗೋಲಿ ಚಿಕ್ಕವನು, ಸಂಬಳ ಕಡಿಮೆ, ಲೆಕ್ಕ ಅಷ್ಟೇ. ಮೂರನೇ ನಂಬರಿನವನದೂ ಇತ್ತು. ನಾನು ಬೇರೆ ಕ್ಲಬ್ಬುಗಳಲ್ಲಿ ಪರಿಚಯವಿದ್ದ ಮ್ಯಾನೇಜರುಗಳಿಗೆಲ್ಲ ಫೋನು ಮಾಡಿದೆ. ಡಿಫೆಂಡರ್ ಆದರೆ ಎಲ್ಲಾದರೂ ತೂರಿಸಬಹುದು, ಗೋಲಿಯ ಜಾಗ ತಂಡಕ್ಕೆ ಒಂದೇ, ಅದು ತುಂಬಿದೆ ಎಂದರು ಎಲ್ಲರೂ. ಗೋವಾದವನೊಬ್ಬ ಕೇಳಿಯೇ ಬಿಟ್ಟ: "ಮೂವತ್ತನಾಲ್ಕಾ? ಹೋದ ತಿಂಗಳು ಯಾಕೆ ಹೇಳಲಿಲ್ಲ?"

ಹೋಗುವವರಿಂದ ಸಾಮಾನು ವಾಪಸು ತೆಗೆದುಕೊಂಡು ಗುರುತು ಹಾಕುವುದೂ ನನ್ನ ಕೆಲಸವೇ. ಜರ್ಸಿ ಎರಡು, ಸರಿ. ಟ್ರ್ಯಾಕ್ ಸೂಟು, ಸರಿ. ಬ್ಯಾಗು, ಸರಿ. ಆ ಹೊತ್ತಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ಗೋಲಿಯ ಜೊತೆ ಯಾರೂ ಮಾತನಾಡುತ್ತಿರಲಿಲ್ಲ.

ಮೂರನೇ ನಂಬರಿನವನು ನನ್ನ ಎದುರಿಗೇ ಅವನಿಗೆ ಹೇಳಿದ: "ನಿನ್ನ ಸಹಿ ನೋಡಿ ನಾವು ಹಾಕಿದ್ದು. ಎಷ್ಟು ಕೊಟ್ರು ನಿಂಗೆ? ಅದೂ ಸಾಲಲಿಲ್ಲ ಅಂತ ನಿನ್ನನ್ನೂ ಓಡಿಸ್ತಾ ಇದಾರೆ, ನೋಡು."

ಅಂಕಲ್ ಹೇಳಿದ್ದಕ್ಕೆ ಹಾಕಿದೆ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. "ಓದಿ ಹಾಕಿದ್ದೀನಿ. ತಪ್ಪು ನಂದೇ" ಎಂದ. ನನ್ನ ಕಡೆ ತಿರುಗಿ, "ಒಂದು ಜೊತೆ ಕಾಲುಚೀಲ ಕಮ್ಮಿ ಇದೆ ಅಂಕಲ್, ಹರಿದುಹೋಯ್ತು" ಎಂದ. ನಾನು ಅದಕ್ಕೂ ಸರಿ ಗುರುತು ಹಾಕಿದೆ. ನಾನು ಅವನಿಗೆ ಮಾಡಿದ ಉಪಕಾರ ಅಷ್ಟು.

ನೋಟಿಸಿನ ಕೊನೆಯ ವಾರ ಗೋಲಿಯೂ ಮೂರನೇ ನಂಬರಿನವನೂ ಗಿಂಡಿಗೆ ಹೋಗಿ ಕೇಳುತ್ತೇವೆಂದು ಹೊರಟರು. ಟೀಮ್ ಮ್ಯಾನೇಜರ್ ಎಂದು ನನ್ನನ್ನೂ ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ಮೂರನೇ ನಂಬರಿನವನು ಮೇಜು ಗುದ್ದಿದ: "ಎಲ್ಲರೂ ಕಡಿಮೆ ಮಾಡ್ಕೊಂಡ್ರು ಅಂತ ತಾನೇ ನಾವು ಒಪ್ಪಿದ್ದು? ಆಮೇಲೂ ಓಡಿಸೋದು ಯಾವ ನ್ಯಾಯ ಸಾರ್?"

ಸಿಇಒ ಬೇಜಾರು ಮಾಡಿಕೊಳ್ಳಲಿಲ್ಲ. "ನಾವು ಅಷ್ಟು ಕೆಟ್ಟವರಲ್ಲಪ್ಪ. ಕಡಿಮೆ ಸಂಬಳದವರನ್ನ ನೋಡ್ಕೊಂಡಿದ್ದೀವಿ. ನಿಮ್ಮ ಮ್ಯಾನೇಜರ್ ಸಾರ್ ಇಲ್ಲೇ ಕೂತಿದಾರಲ್ಲ, ಕೇಳಿ. ಅವರದ್ರಲ್ಲಿ ಒಂದು ರೂಪಾಯಿ ಮುಟ್ಟಿಲ್ಲ. ಮೊದಲನೇ ದಿನಾನೇ ಮಾತು ಕೊಟ್ಟಿದ್ದೆ."

ಅವರು ಹೊಗಳಿಕೆಯಾಗಿಯೇ ಹೇಳಿದ್ದು. ಮೂರನೇ ನಂಬರಿನವನು ಬಾಯಿ ತೆರೆದು ನನ್ನನ್ನು ನೋಡಿದ. ಗೋಲಿ ನೋಡಲಿಲ್ಲ. ತನ್ನ ಸೊಟ್ಟ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಲಿಫ್ಟಿನ ಹತ್ತಿರ ಬಂದಾಗ ಕನ್ನಡದಲ್ಲಿ ಒಂದೇ ಮಾತು ಆಡಿದ. "ಆಂಟೀದು ಡಬ್ಬ ನನ್ ಹತ್ರನೇ ಉಳ್ಕೊಂಡಿದೆ ಅಂಕಲ್. ಕಳಿಸ್ತೀನಿ."

ಮೂರು ದಿನದ ನಂತರ ಮೈದಾನದ ವಾಚ್‌ಮನ್ ನನಗೆ ಡಬ್ಬ ಕೊಟ್ಟ. ತೊಳೆದು, ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿತ್ತು. ಅವನು ಹೆಂಡತಿ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟುಹೋಗಿದ್ದ. ಮಗು ಸೇರಿದ್ದು ಜೂನಿನಲ್ಲಿ. ಅರ್ಧ ವರ್ಷವೂ ಆಗಿರಲಿಲ್ಲ.

ಉಳಿದ ಆರು ಜನ, ಇನ್ನೂ ತಂಡದಲ್ಲಿದ್ದ ಕೆಲವರು ಸೇರಿ ಆಟಗಾರರ ದೂರು ಕೇಳುವ ಸಮಿತಿಗೆ ಅರ್ಜಿ ಕೊಟ್ಟರು. ಮೂರನೇ ನಂಬರಿನವನು ನಮ್ಮ ಮನೆಗೆ ಬಂದ. ಚಪ್ಪಲಿ ಬಿಚ್ಚಲಿಲ್ಲ, ಬಾಗಿಲಲ್ಲೇ ನಿಂತ. "ಸಾರ್, ನೀವು ಹೇಳಿದ್ದು ಸುಳ್ಳು ಅಂತ ನೀವೇ ಬರೆದುಕೊಟ್ಟರೆ ಆ ಕಾಗದ ರದ್ದಾಗುತ್ತೆ. ಇಲ್ಲದಿದ್ರೆ ಅದು ನಮ್ಮ ಸಹಿ, ಅಷ್ಟೇ."

"ಗೋಲಿ ಅರ್ಜಿಗೆ ಸಹಿ ಹಾಕಿದ್ದಾನಾ?" ಎಂದು ಕೇಳಿದೆ. ಅಭ್ಯಾಸಬಲ.

"ಇಲ್ಲ. ಫೋನ್ ಮಾಡಿದ್ದೆ. ಓದಿ ಹಾಕಿದ್ದೀನಿ, ಈಗ ಓದಿಲ್ಲ ಅಂತ ಹೇಳಲ್ಲ ಅಂದ."

ಹದಿನೈದು ದಿನ ಒದ್ದಾಡಿದೆ. ಕೆಲಸ ಹೋಗುತ್ತದೆ, ಈ ವಯಸ್ಸಿಗೆ ಇನ್ನೊಂದು ಸಿಗುವುದಿಲ್ಲ. ಹೆಂಡತಿ ಆ ಡಬ್ಬಕ್ಕೆ ಏನನ್ನೂ ತುಂಬಲಿಲ್ಲ. ಅಡುಗೆಮನೆಯ ಶೆಲ್ಫಿನಲ್ಲಿ ನನಗೆ ಕಾಣುವ ಕಡೆ ಖಾಲಿ ಇಟ್ಟಳು.

ಕೊನೆಗೆ ಎರಡು ಪುಟ ಬರೆದೆ, ನನಗೆ ಬರುವ ಇಂಗ್ಲಿಷಿನಲ್ಲಿ. ಯಾರದು ಕಡಿಮೆಯಾಗಿತ್ತು, ಯಾರದು ಆಗಿರಲಿಲ್ಲ, ನಾನು ಏನು ಹೇಳಿದೆ, ಹಾಳೆಗೆ ನಂಬರ್ ಹಾಕುವ ಉಪಾಯ ಯಾರದು. ಸಮಿತಿಯ ಮುಂದೆ ಅದನ್ನೇ ಓದಿದೆ. ಕ್ಲಬ್ಬಿನ ವಕೀಲರು, "ಹಾಗಾದರೆ ನೀವು ಸುಳ್ಳು ಹೇಳುವವರು ಅಂತ ಒಪ್ಪುತ್ತೀರಾ?" ಎಂದು ಕೇಳಿದರು. "ಹೌದು. ಅದಕ್ಕೇ ಬಂದಿದ್ದೇನೆ" ಎಂದೆ. ಒಪ್ಪಿಗೆಯ ಹಾಳೆ ರದ್ದಾಯಿತು. ಅರ್ಜಿಯಲ್ಲಿ ಹೆಸರಿದ್ದವರಿಗೆಲ್ಲ ಕಡಿತದ ಹಣ ವಾಪಸು ಬಂತು. ನನ್ನ ಕೆಲಸ ಹೋಯಿತು. ಅರ್ಜಿಯಲ್ಲಿ ಹೆಸರಿಲ್ಲದವನಿಗೆ ಏನೂ ಬರಲಿಲ್ಲ.

ಹೊರಗೆ ಮೂರನೇ ನಂಬರಿನವನು ನನ್ನ ಕೈ ಹಿಡಿದುಕೊಂಡ. ನಾನು ಅವನ ಕ್ಷಮೆ ಕೇಳಿದೆ. ಉಳಿದವರದನ್ನೂ ಒಬ್ಬೊಬ್ಬರಿಗೆ ಫೋನು ಮಾಡಿ ಕೇಳಿದೆ. ಒಬ್ಬ ಕೆಟ್ಟದಾಗಿ ಬೈದ, ಇಬ್ಬರು ಅತ್ತರು. ನಿನ್ನೆ ಆ ಬ್ಯಾಂಕಿನವರ ಮನೆಗೂ ಹೋಗಿ ಟೀ ಚೆಲ್ಲಿದ್ದಕ್ಕೆ ತಪ್ಪಾಯಿತು ಎಂದೆ. ಅವರು ಮತ್ತೆ ಅದೇ ಪ್ರಶ್ನೆ ಎತ್ತಿದರು: "ಹಾಗಾದರೆ ಆಟಗಾರರು ಸಂಬಳ ಬಿಡಲೇಬಾರದು ಅಂತೀರಾ?"

ಬಿಡಬಹುದು. ನನ್ನ ಗೋಲಿ ಬಿಟ್ಟನಲ್ಲ, ಅಷ್ಟು ಒಳ್ಳೆಯ ಮನಸ್ಸಿನಿಂದ. ಆದರೆ ಕೇಳುವವನು ಮೊದಲು ತನ್ನ ಸಂಬಳದ ಚೀಟಿಯನ್ನು ಮೇಜಿನ ಮೇಲಿಡಬೇಕು. ಮಾಲೀಕರದು, ಕೋಚಿನದು, ಹೊರದೇಶದವರದು, ಗಾಜಿನ ಕೋಣೆಯ ಬಿಲ್ಲು, ಎಲ್ಲವೂ ಅದರ ಪಕ್ಕದಲ್ಲಿ ಇರಬೇಕು. ಅದಿಲ್ಲದೆ ತ್ಯಾಗ ಕೇಳುವುದು ಜೇಬುಗಳ್ಳತನ. ಪಟ್ಟಿ ಮಾಡಿ ಗೀಟು ಎಳೆದುಕೊಡುವ ನನ್ನಂಥವನು ಇರುವವರೆಗೆ ಅವರ ಕೈಗೆ ಮಸಿಯೂ ಹತ್ತುವುದಿಲ್ಲ. ಬ್ಯಾಂಕಿನವರಿಗೆ ಇಷ್ಟನ್ನೂ ಹೇಳಿದೆ. ಸಿಟ್ಟು ಈಗಲೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಸಿಟ್ಟಿನ ಹಿಂದೆ ಅಡಗಿ ಕೂರುವುದು ಸಾಕು.

ಅವನು ಈಗ ಬೆಂಗಳೂರಿನಲ್ಲಿ ಒಂದು ಕೊರಿಯರ್ ಗೋಡೌನಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾನೆಂದು ಮೂರನೇ ನಂಬರಿನವನು ಹೇಳಿದ. ಅವನ ಫೋನ್ ನಂಬರ್ ನನ್ನ ಹತ್ತಿರವಿದೆ. ಮೂರು ವರ್ಷದಿಂದ ಒತ್ತಿಲ್ಲ. ಎಲ್ಲರ ಕ್ಷಮೆಯನ್ನೂ ತಮಿಳಿನಲ್ಲಿ ಕೇಳಿದವನು ನಾನು, ಅದು ಬಾಯಿಗೆ ಬಂತು. ಅವನನ್ನು ಕೇಳಬೇಕಾದದ್ದು ಕನ್ನಡದಲ್ಲಿ, ಸುಳ್ಳು ಹೇಳಿದ ಅದೇ ಭಾಷೆಯಲ್ಲಿ.

ಸಮಿತಿಯವರು ಕೊಟ್ಟ ಆ ಹಾಳೆಯ ಜೆರಾಕ್ಸ್ ಈಗ ನನ್ನ ಮುಂದಿದೆ. ಉಳಿದವರ ಸಹಿಗಳೆಲ್ಲ ಇಂಗ್ಲಿಷು, ತಮಿಳು. ಮೊದಲನೆಯ ಸಾಲಿನದು ಮಾತ್ರ ಕನ್ನಡ. ಗುಂಡಗಿನ, ಶಾಲೆಯ ಹುಡುಗನದರಂಥ ಅಕ್ಷರ, ಒತ್ತಕ್ಷರ ತಪ್ಪದೆ ಬರೆದದ್ದು. ಆ ಇಡೀ ಕ್ಲಬ್ಬಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ ಇದ್ದೆ.

ಚೌರಪ್ಪ, ಎಂದಿದೆ.